ಸೋಮವಾರ ಕಟ್ಟಿದ ಎತ್ತು

ಗುಂಡ್ಲುಪೇಟೆಯಿಂದ ಗೋಪಾಲಸ್ವಾಮಿ ಬೆಟ್ಟದ ಕಡೆ ಹೋಗುವ ದಾರಿಯಲ್ಲಿ, ರಜೆಗೆ ಖಾಲಿ ಬಿದ್ದ ಒಂದು ಹಾಸ್ಟೆಲಿನಲ್ಲಿ ಮಕ್ಕಳ ಬೇಸಿಗೆ ಶಿಬಿರ. ಹಾಡು, ಮಣ್ಣಿನ ಬೊಂಬೆ, ಹಕ್ಕಿ ನೋಡೋದು, ಅದು ಇದು. ಎಲ್ಲಾ ಸರಿ, ಫೋನು ಮಾತ್ರ ಸಿಗೋದಿಲ್ಲ. ಕಾಡಿನ ಅಂಚು ನೋಡಿ. ಇಡೀ ಹಾಸ್ಟೆಲಿನಲ್ಲಿ ಸಿಗ್ನಲ್ ಅನ್ನೋ ಮಹಾರಾಯ ಬಂದು ಕೂರೋದು ಒಂದೇ ಜಾಗದಲ್ಲಿ, ಅಡುಗೆಮನೆ ಹಿಂದೆ ಪಾತ್ರೆ ತೊಳೆಯುವ ಕಟ್ಟೆಯ ಮೇಲೆ. ಆ ಕಟ್ಟೆ ರಹಮತ್ ಬಿಯದು. ಹಾಗಾಗಿ ಶಿಬಿರದ ಫೋನೂ ಅವಳ ಪಾಲಿಗೇ ಬಂತು.

ಒಲೆ ಶಿವರುದ್ರಮ್ಮನದು, ಪಾತ್ರೆ ರಹಮತ್ ಬಿಯದು. ತರಕಾರಿ ಹೆಚ್ಚಬಹುದು, ಅಕ್ಕಿ ಆರಿಸಬಹುದು, ಸೌಟು ಮಾತ್ರ ಹಿಡಿಯೋ ಹಾಗಿಲ್ಲ. ಯಾಕೆ ಅಂತ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕೇಳಿದ್ದರೆ ಶಿಬಿರ ನಡೆಸುವ ಗುರುಪಾದಸ್ವಾಮಿ ಮೇಷ್ಟ್ರು "ಅಪ್ಪ ಅಮ್ಮಂದಿರು ಏನಾದ್ರೂ ಅಂದಾರು" ಅಂತ ತೊದಲುತ್ತಿದ್ದರು, ಪಾಪ. ಒಂದು ಕಾಲದಲ್ಲಿ ಆಗಿದ್ದರೆ ಅವಳಿಗೂ ಚುಚ್ಚುತ್ತಿತ್ತೇನೋ. ಈಗ ಯಾವುದೂ ತಟ್ಟುತ್ತಿರಲಿಲ್ಲ.

ಗಂಡ ಅಜ್ಮತ್ ಉಲ್ಲಾ ಪೇಟೆಯಲ್ಲಿ ಹಾಸಿಗೆ ಹೊಲಿಯುತ್ತಿದ್ದ. ಚಳಿಗಾಲದ ಒಂದು ಬೆಳಿಗ್ಗೆ ಅರ್ಧ ಹೊಲಿದ ಹಾಸಿಗೆಯ ಮೇಲೇ ಒರಗಿದವನು ಮತ್ತೆ ಏಳಲಿಲ್ಲ. ಮನೆ ತುಂಬ ಅಳು. ರಹಮತ್ ಬಿ ಬಂದವರಿಗೆ ಚಾಪೆ ಹಾಸಿದಳು, ನೀರು ಕೊಟ್ಟಳು, ಯಾರ ಮಗು ಹಸಿದಿದೆ ಅಂತ ವಿಚಾರಿಸಿದಳು. ಒಂದು ಹನಿ ಕಣ್ಣೀರು ಮಾತ್ರ ಬರಲಿಲ್ಲ. ಬೇಕಂತ ತಡೆದದ್ದಲ್ಲ ರೀ, ಬರಲೇ ಇಲ್ಲ. ಗೂಡಲೂರಿಗೆ ಮದುವೆ ಮಾಡಿಕೊಟ್ಟಿದ್ದ ಒಬ್ಬಳೇ ಮಗಳು ಸಿಮ್ರಾನ್ ಇದನ್ನೆಲ್ಲ ನೋಡಿ ನೋಡಿ, ಕೊನೆಗೆ ಜನರೆದುರೇ, "ನೀನೇನು ಹೆಂಗಸೋ ಕಲ್ಲೋ ಅಮ್ಮಿ? ಅಬ್ಬನಿಗೋಸ್ಕರ ಒಂದು ಹನಿನೂ ಇಲ್ವಾ ನಿನ್ನ ಹತ್ರ?" ಅಂತ ಕಿರುಚಿದಳು. ಹಾಗೆ ಕಿರುಚಿ ಬಸ್ಸು ಹತ್ತಿದವಳು ಮತ್ತೆ ಫೋನು ಮಾಡಿಲ್ಲ. ಇವಳೂ ಮಾಡಲಿಲ್ಲ. ಮಾಡಿ ಏನಂತ ಹೇಳೋದು? ಅಳು ಬಂತು ಕಣೇ ಅಂತ ಸುಳ್ಳು ಹೇಳೋಕಾಗುತ್ತಾ?

ಗಂಡ ಸತ್ತವಳು ಹೊಸಿಲು ದಾಟದ ಇದ್ದತ್ತಿನ ತಿಂಗಳುಗಳು ಮುಗಿದದ್ದೇ ತಡ, ಶಿಬಿರದ ಕೆಲಸಕ್ಕೆ ಬಂದುಬಿಟ್ಟಳು. ಅನ್ನ ಸಪ್ಪೆ, ನಿದ್ದೆ ಸಪ್ಪೆ. ಬಿಸಿ ಪಾತ್ರೆ ಮುಟ್ಟಿದರೆ ಸುಟ್ಟಿದೆ ಅನ್ನೋದು ಆಮೇಲೆ ಕೈ ನೋಡಿಕೊಂಡಾಗ ತಿಳಿಯುತ್ತಿತ್ತು. ಬಾಯಿಗೆ ಮಾತ್ರ ಹಳೇ ಚಾಳಿ ಹೋಗಿರಲಿಲ್ಲ. "ನಮ್ಮವರಿಗೆ ಶುಂಠಿ ಟೀ ಅಂದ್ರೆ ಪ್ರಾಣ", "ಸೋರೆಕಾಯಿ ಕಂಡ್ರೆ ಆಗಲ್ಲ ನಮ್ಮವರಿಗೆ" ಅಂತ ತರಕಾರಿ ಹೆಚ್ಚುತ್ತಾ ಹೇಳೋಳು. ಕೇಳಿದವರಿಗೆ ಅವನು ಪೇಟೆಗೆ ಹೋಗಿದ್ದಾನೆ, ಸಂಜೆಗೆ ಬರ್ತಾನೆ ಅನ್ನಿಸಬೇಕು.

ದಿನಾ ಸಂಜೆ ಮಕ್ಕಳು ಕಟ್ಟೆಯ ಮುಂದೆ ಸಾಲು ನಿಲ್ಲುತ್ತಿದ್ದವು. ಒಬ್ಬೊಬ್ಬರ ಮನೆಯಿಂದ ಫೋನು ಬರೋದು, ಇವಳು ಕೈ ಒರೆಸಿಕೊಂಡು ಕೊಡೋದು. ಒಬ್ಬ ಅಳೋದು, ಒಬ್ಬಳು ಚಕ್ಕುಲಿ ಕಳಿಸು ಅನ್ನೋದು. ಉಡಿಗಾಲದ ಶಿವಾನಿ, ಐದನೇ ಕ್ಲಾಸು ಮುಗಿಸಿದ ಹುಡುಗಿ, ಮೊದಲ ದಿನ ಸಾಲಿನ ಕೊನೆಗೆ ನಿಂತೇ ಇದ್ದಳು. ಅವಳಿಗೆ ಯಾರೂ ಮಾಡಲಿಲ್ಲ.

ಮಾರನೇ ದಿನ ಮಕ್ಕಳೆಲ್ಲ ಹಕ್ಕಿ ನೋಡಲು ಹೋಗಿದ್ದಾಗ ಅವಳಪ್ಪನ ಫೋನು ಬಂತು. "ನಾನು ದೇವರಾಜು ಕಣವ್ವ, ಶಿವಾನಿ ಅಪ್ಪ. ಅವಳವ್ವ ಜಗಳ ಮಾಡ್ಕಂಡು ತವರಿಗೆ ಓಗ್ಬುಟ್ಟವ್ಳೆ. ಫೋನೇ ಎತ್ತಲ್ಲ. ನಾನ್ ಮಾತಾಡುದ್ರೆ ಮಗ ಅವ್ವನ್ ಕೊಡು ಅಂತದೆ, ಏನ್ ಹೇಳ್ಲಿ? ಅವಳ್ನ ಕರ್ಕಬರೋಗಂಟ ನೀವೇ ಏನಾರ ಹೇಳಿ ಸಮಾಧಾನ ಮಾಡ್ಬುಡಿ." ರಹಮತ್ ಬಿ "ಆಯ್ತಪ್ಪ" ಅಂದು ಸಾರಿನ ಪಾತ್ರೆ ಉಜ್ಜೋದಕ್ಕೆ ಕೂತಳು.

ಅವತ್ತಿನಿಂದ ಶುರುವಾಯಿತು. "ನೀನು ಅತ್ಲಾಗ್ ಹೋದೆ, ಇತ್ಲಾಗ್ ನಿಮ್ಮವ್ವ ಫೋನ್ ಮಾಡಿದ್ರು ಕಣಮ್ಮಿ. ಮಾತಾಡ್ತಿದ್ದ ಹಾಗೇ ಲೈನು ಕಟ್ಟಾಯ್ತು. ತಲೆಗೆ ಎಣ್ಣೆ ಹಾಕ್ಕೋ ಅಂದ್ರು." ಇನ್ನೊಂದು ದಿನ ಎಮ್ಮೆ ಕರು ಹಾಕಿತು. ಮತ್ತೊಂದು ದಿನ ಪಕ್ಕದ ಮನೆ ಅಜ್ಜಿ ಶಿವಾನಿನ ಕೇಳಿದಳು. ಹುಡುಗಿ ತಲೆ ತಗ್ಗಿಸಿ ಎಲ್ಲಾ ಕೇಳಿ, "ಇನ್ನೇನಂದ್ರು?" ಅನ್ನೋಳು. ಸುಳ್ಳು ಹೇಳಲು ರಹಮತ್ ಬಿಗೆ ಕಷ್ಟವೇ ಆಗುತ್ತಿರಲಿಲ್ಲ. ಎದೆ ಹೊಡೆದುಕೊಂಡರೆ ತಾನೇ ಕಷ್ಟ!

ಆಮೇಲೆ ಸೋಮವಾರ ಬಂತು. "ಇವತ್ತು ನಿಮ್ಮಪ್ಪ ಬೆಳಿಗ್ಗೇನೇ ಎತ್ತು ಕಟ್ಕೊಂಡು ಹೊಲ ಉಳೋಕೆ ಹೋದ್ರಂತೆ. ನಿಮ್ಮವ್ವ ಬುತ್ತಿ ತಗೊಂಡು ಹೋಗೋ ದಾರೀಲಿ ಫೋನ್ ಮಾಡಿದ್ದು."

ಶಿವಾನಿ ತಲೆಯೆತ್ತಿದಳು. "ಇವತ್ತಾ?"

"ಇವತ್ತೇ ಕಣಮ್ಮಿ."

ಹುಡುಗಿ ಇನ್ನೇನಂದ್ರು ಅಂತ ಕೇಳಲಿಲ್ಲ. ಸುಮ್ಮನೆ ಎದ್ದು ಹೋದಳು. ಒಳಗೆ ಹುಳಿ ಕುದಿಸುತ್ತಿದ್ದ ಶಿವರುದ್ರಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಅಯ್ಯೋ ಬೂಬಮ್ಮ, ಕೆಡಿಸ್ಬುಟ್ರಲ್ಲ! ಸೋಮವಾರ ನಮ್ಮೋರು ಯಾರಾರ ಎತ್ತು ಕಟ್ಟರಾ? ಶಿವನ ವಾರ, ಬಸವಣ್ಣಂಗೆ ರಜ. ಆ ಮಗ ಏನು ಹಾಲು ಕುಡಿಯೋ ಕೂಸಾ, ತಿಳಿಯಲ್ವಾ?"

ಪೇಟೆಯಲ್ಲಿ ಹುಟ್ಟಿ ಪೇಟೆಯಲ್ಲೇ ಬೆಳೆದ ರಹಮತ್ ಬಿಗೆ ಹತ್ತಿ ಗೊತ್ತು, ಎತ್ತಿನ ರಜ ಏನು ಗೊತ್ತು? ನಾಚಿಕೆ ಆಗಬೇಕಿತ್ತು, ಮಗುವಿನ ಬಗ್ಗೆ ಅಯ್ಯೋ ಅನ್ನಿಸಬೇಕಿತ್ತು. ಏನೂ ಆಗಲಿಲ್ಲ. ಕೈ ತನ್ನಷ್ಟಕ್ಕೆ ತಾನು ಪಾತ್ರೆ ಉಜ್ಜುತ್ತಿತ್ತು.

ಮಾರನೇ ದಿನ ಊಟದ ಹೊತ್ತಾದ ಮೇಲೆ ಶಿವಾನಿ ಒಬ್ಬಳೇ ಬಂದು ಕಟ್ಟೆಯ ಮೇಲೆ ಕೂತಳು.

"ಅವ್ವ ಮನೇಲಿಲ್ಲ ಅಂತ ನಂಗೆ ಮೊದಲೇ ಗೊತ್ತು. ನಾನು ಬಟ್ಟೆ ತುಂಬ್ಕೊಳ್ವಾಗ ಅವ್ವಾನೂ ಬ್ಯಾಗ್ ತುಂಬ್ತಿದ್ಲು."

"ಮತ್ತೆ ದಿನಾ ಯಾಕಮ್ಮಿ ಬಂದು ಕೇಳ್ತಿದ್ದೆ?"

"ನೀವು ಚೆನ್ನಾಗ್ ಹೇಳ್ತಿದ್ರಿ." ಕಾಲು ಆಡಿಸಿದಳು. "ಇವತ್ತೂ ಹೇಳಿ. ಸೋಮವಾರ ಮಾತ್ರ ಎತ್ತು ಕಟ್ಟಿಸ್ಬೇಡಿ." ಆಮೇಲೆ, "ನಿಮ್ಗ್ಯಾರು ಫೋನ್ ಮಾಡ್ತಾರೆ ಬೂಬಮ್ಮ?"

"ಮಗಳಿದಾಳೆ, ಸಿಮ್ರಾನ್ ಅಂತ. ಗೂಡಲೂರಲ್ಲಿ. ಅವಳಿಗೆ ಪುರುಸೊತ್ತಿಲ್ಲ."

"ಯಾವತ್ತೂ ಮಾಡಲ್ವಾ?"

ರಹಮತ್ ಬಿ ಇನ್ನೊಂದು ಪಾತ್ರೆ ಎಳೆದುಕೊಂಡು ಉಜ್ಜತೊಡಗಿದಳು. ಹುಡುಗಿ ಅವಳ ಮುಖವನ್ನೇ ನೋಡುತ್ತಿದ್ದಳು.

ಅದರ ಮಾರನೇ ಸಂಜೆ ರಹಮತ್ ಬಿ ನೀರು ತರಲು ಬೋರಿನ ಹತ್ತಿರ ಹೋಗುವಾಗ ಫೋನನ್ನು ಶಿವಾನಿಯ ಕೈಗೆ ಕೊಟ್ಟು ಹೋದಳು. ವಾಪಸು ಬಂದಾಗ ಹುಡುಗಿ ಎದ್ದು ನಿಂತಿದ್ದಳು. ಮುಖ ಗಂಭೀರ.

"ಬೂಬಮ್ಮ, ನೀವು ಅತ್ಲಾಗ್ ಹೋದ್ರಿ, ಇತ್ಲಾಗ್ ಸಿಮ್ರಾನಕ್ಕ ಫೋನ್ ಮಾಡಿದ್ರು. ಲೈನು ಕಟ್ಟಾಯ್ತು."

ಶಿಬಿರದ ನಂಬರು ಸಿಮ್ರಾನಿಗೆ ಎಲ್ಲಿಂದ ಗೊತ್ತಿರಬೇಕು! ರಹಮತ್ ಬಿಗೆ ತಕ್ಷಣ ಅರ್ಥವಾಯಿತು. ಆದರೂ ಮಗು ಆಸೆಯಿಂದ ಹೇಳ್ತಿದೆ, ಹೇಳಲಿ ಅಂತ, "ಹೌದಾ? ಏನಂದ್ಲು?" ಅಂದಳು.

"ಊಟ ಆಯ್ತಾ ಅಂದ್ರು. ಕೈ ಸುಟ್ಕೋಬೇಡ ಅಂದ್ರು. ಆಮೇಲೆ..." ಶಿವಾನಿ ಯೋಚಿಸಿದಳು. ಏನಾದರೂ ಚೆನ್ನಾಗಿರೋದು ಹೇಳಬೇಕಿತ್ತು ಅವಳಿಗೆ. "ಅಪ್ಪ ಹೆಂಗವ್ರೆ ಅಂತ ಕೇಳಿದ್ರು. ಶುಂಠಿ ಟೀ ಜಾಸ್ತಿ ಕುಡೀಬೇಡಿ ಅಂತ ಅಪ್ಪಂಗೆ ಹೇಳ್ಬೇಕಂತೆ."

ರಹಮತ್ ಬಿ ಬಿಂದಿಗೆ ಕೆಳಗಿಟ್ಟಳು. ಈ ಮಗುವೂ ಸೋಮವಾರ ಎತ್ತು ಕಟ್ಟಿಬಿಟ್ಟಿತ್ತು. ಅದಕ್ಕಾದರೂ ಏನು ಗೊತ್ತು? ಅವನು ಇಲ್ಲ ಅಂತ ಅದಕ್ಕೆ ಹೇಳಿದವರು ಯಾರು? ದಿನಾ ಅದರ ಎದುರೇ ನಮ್ಮವರು ನಮ್ಮವರು ಅಂತಿದ್ದವಳು ತಾನೇ. ಚೆನ್ನಾಗಿದಾರೆ ಕಣಮ್ಮಿ, ಅನ್ನೋಕೆ ಬಾಯಿ ತೆರೆದಳು. ಅಷ್ಟು ದಿನ ಸಲೀಸಾಗಿ ಬರುತ್ತಿದ್ದ ಸುಳ್ಳು ಆ ಹೊತ್ತಿಗೆ ಬರಲಿಲ್ಲ. ಇನ್ನೊಂದು ಮಾತು ಅಡ್ಡ ನಿಂತಿತ್ತು, ಅದನ್ನು ಅವಳು ಇವತ್ತಿನವರೆಗೂ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಶಿವಾನಿಯ ಕೈಯಿಂದ ಫೋನು ತೆಗೆದುಕೊಂಡಳು. ಮಗಳ ನಂಬರು ಬಾಯಿಪಾಠ. ಸಂಜೆಯ ಸಾಲು ಆಗಲೇ ಬಂದು ನಿಂತಿತ್ತು, ಅದರ ಕಡೆ ನೋಡಲಿಲ್ಲ.

"ಯಾರು?" ಅಂತ ಸಿಮ್ರಾನ್ ಉರ್ದುವಿನಲ್ಲಿ ಕೇಳಿದಳು. ಉಸಿರಿನ ಸದ್ದಿಗೇ ಗುರುತು ಹಿಡಿದು, "ಅಮ್ಮಿ? ಏನಾಯ್ತು ಅಮ್ಮಿ?" ಅಂದಳು.

"ಸಿಮ್ರಾನ್," ಅಂದಳು ರಹಮತ್ ಬಿ, "ನಿಮ್ಮ ಅಬ್ಬ ತೀರಿಕೊಂಡ್ರು ಕಣೇ."

ಇದೇನು ಹಳೇ ಸುದ್ದಿ ಹೇಳ್ತೀಯ ಅಂತ ಸಿಮ್ರಾನ್ ಕೇಳಲಿಲ್ಲ. ಬಹಳ ಮೆತ್ತಗೆ, "ಈಗ ಗೊತ್ತಾಯ್ತಾ ಅಮ್ಮಿ?" ಅಂದಳು.

ರಹಮತ್ ಬಿ ಹೌದು ಅಂತ ತಲೆಯಾಡಿಸಿದಳು. ತಲೆಯಾಡಿಸಿದ್ದು ಫೋನಿಗೆ ಕಾಣುತ್ತಾ? ಆಮೇಲೆ ಹೊರಟ ಸದ್ದು ಮಾತ್ರ ಗೂಡಲೂರಿಗೂ ಕೇಳಿಸಿತು, ಒಳಗಿದ್ದ ಶಿವರುದ್ರಮ್ಮನಿಗೂ ಕೇಳಿಸಿತು. ಶಿವಾನಿ ಹೆದರಿ ಅವಳ ಸೆರಗು ಹಿಡಿದು, "ಏನಂದ್ರು ಬೂಬಮ್ಮ? ಇನ್ನೇನಂದ್ರು?" ಅಂತ ಕೇಳುತ್ತಲೇ ಇದ್ದಳು.