ನಾಲ್ಕು ಗಾಜಿಗೆ ಒಂದೇ ಹಿಡಿ

ಚಾಚಾರ ಅಂಗಿಯ ಎದೆಜೇಬು ಸದಾ ಜೋತುಬಿದ್ದಿರುತ್ತಿತ್ತು. ಅದರೊಳಗೆ ಗಿಡ್ಡನೆಯ ಒಂದು ಕಬ್ಬಿಣದ ಹಿಡಿ ಇರುತ್ತಿತ್ತು, ಅಂಬಾಸಡರ್ ಕಾರಿನ ಕಿಟಕಿಯ ಗಾಜನ್ನು ತಿರುವಿ ಇಳಿಸುವಂಥದ್ದು. ಕಾರಿಗೆ ಬಾಗಿಲು ನಾಲ್ಕು, ಗಾಜು ನಾಲ್ಕು. ಮೂರು ಹಿಡಿಗಳು ಯಾವ್ಯಾವುದೋ ಕಾಲದಲ್ಲಿ ಮುರಿದುಹೋಗಿ ಉಳಿದದ್ದು ಅದೊಂದೇ. ಗಾಳಿ ಬೇಕಾದವರು ಚಾಚಾರನ್ನು ಕೇಳಿ, ಹಿಡಿಯನ್ನು ತಮ್ಮ ಬಾಗಿಲಿಗೆ ಸಿಕ್ಕಿಸಿ, ಗಾಜು ಇಳಿಸಿ, ಮರಳಿ ಅವರ ಕೈಗೇ ಕೊಡಬೇಕು. ಭಾರಕ್ಕೆ ಜೇಬಿನ ಹೊಲಿಗೆ ಬಿಚ್ಚಿ ಬಿಚ್ಚಿ ಸಾಕಾಗಿ, ಚಾಚಿ ಅದಕ್ಕೆ ದಪ್ಪನೆಯ ಖಾಕಿ ಬಟ್ಟೆಯ ತೇಪೆ ಹಾಕಿದ್ದರು. ಬಿಳಿ ಅಂಗಿಗೆ ಖಾಕಿ ತೇಪೆ. ಮಸೀದಿಗೂ ಅದೇ, ಮದುವೆಗೂ ಅದೇ. ಅಂಗಡಿಯಲ್ಲಿ ಹೊಸ ಹಿಡಿ ಸಿಗುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ.

"ಸಿಗತಾವ ಬೇಟಿ. ಆದ್ರ ಹಳೇದು ಇನ್ನೂ ಸತ್ತಿಲ್ಲಲ್ಲ."

ಅವರು ನನ್ನ ಅಜ್ಜನ ಗೆಳೆಯರು. ಗಂಗಾವತಿಯ ಕಾಲುವೆ ರಸ್ತೆಯಲ್ಲಿ ನಮ್ಮ ಮನೆಯಿಂದ ಕೂಗಳತೆಯಲ್ಲಿ ಅವರ ಮನೆ. ಮೊದಲು ಅಕ್ಕಿ ಗಿರಣಿಯ ಸಾಹುಕಾರರ ಕಾರು ಓಡಿಸುತ್ತಿದ್ದರು. ಸಾಹುಕಾರರು ಹೊಸ ಗಾಡಿಗೆ ಹೋದಾಗ ಹಳೆಯದನ್ನು ತಾವೇ ಕೊಂಡು ಬಾಡಿಗೆಗೆ ಓಡಿಸಿದರು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಎಲ್ಲ ಕಡೆಯ ಮದುವೆಗಳಿಗೂ ಅದು ಮದುಮಕ್ಕಳ ಗಾಡಿಯಾಗಿ ಹೋಗಿತ್ತು. ಹಿಂದಿನ ಕಿಟಕಿಗಳಿಗೆ ಇದ್ದ ಕೆಂಪು ಪರದೆ ಆ ಕಾಲದ್ದು. ನಾನು ಕಾಣುವ ಹೊತ್ತಿಗೆ ಬಾಡಿಗೆ ನಿಂತಿತ್ತು. ಕಾರು ರಸ್ತೆಯ ಬೇವಿನ ಮರದ ಕೆಳಗೆ, ಮೀನು ಕರಿದು ಮಾರುವ ಅಕ್ಕನ ಬಂಡಿಯ ಎದುರು ನಿಂತಿರುತ್ತಿತ್ತು.

ಶುಕ್ರವಾರ ಸಂಜೆ ಮೂವರು ಅದರೊಳಗೆ ಕೂರುತ್ತಿದ್ದರು. ಸ್ಟೇರಿಂಗಿನ ಮುಂದೆ ಚಾಚಾ. ಅವರ ಪಕ್ಕದಲ್ಲಿ ನಿವೃತ್ತ ಲಸ್ಕರ್, ಅಂದರೆ ಕಾಲುವೆಯ ತೂಬು ಎತ್ತಿ ಇಳಿಸುವ ಕೆಲಸ ಮಾಡಿದವರು. ಹಿಂದಿನ ಸೀಟಿನಲ್ಲಿ, ಪರದೆಯ ಮರೆಯಲ್ಲಿ, ಮಾಸ್ತರಾಗಿದ್ದ ನನ್ನ ಅಜ್ಜ. ಕಾರು ಎಲ್ಲಿಗೂ ಹೋಗುತ್ತಿರಲಿಲ್ಲ. ಮಾತು ಮಾತ್ರ ಕಾರುಗಳದ್ದೇ. ಅಜ್ಜ ಸ್ವಂತಕ್ಕೆ ಸೈಕಲ್ಲಿಗಿಂತ ದೊಡ್ಡ ವಾಹನ ಇಟ್ಟವರಲ್ಲ, ಆದರೆ ಪದ್ಮಿನಿ ಕಾರಿನ ಪಕ್ಷ ಬಿಟ್ಟುಕೊಡುತ್ತಿರಲಿಲ್ಲ. ಯಲಬುರ್ಗಾದಲ್ಲಿ ನೌಕರಿಯಲ್ಲಿದ್ದಾಗ ಶಾಲೆ ತಪಾಸಣೆಗೆ ಬರುತ್ತಿದ್ದ ಸಾಹೇಬರು ಅದರಲ್ಲಿ ಬರುತ್ತಿದ್ದರಂತೆ.

"ಪದ್ಮಿನಿ ನೋಡಾಕ ಛಂದ ಮಾಸ್ತರ್ರ. ಆದ್ರ ಕುಷ್ಟಗಿ ರಸ್ತೆ ನೋಡಿದ್ರ ಅಳತೈತಿ," ಎನ್ನುತ್ತಿದ್ದರು ಚಾಚಾ.

"ನಿಮ್ಮ ಗಾಡಿ ಅಳೂದಿಲ್ಲ, ಕೆಮ್ಮತೈತಿ," ಎಂದು ಪರದೆಯ ಹಿಂದಿನಿಂದ ಅಜ್ಜನ ದನಿ.

ಲಸ್ಕರ್ ಇಬ್ಬರನ್ನೂ ತಳ್ಳಿಹಾಕಿ ಜೀಪಿನ ಪರ ನಿಲ್ಲುತ್ತಿದ್ದರು. ಕಾಲುವೆ ಒಡೆದ ವರ್ಷ ಇಂಜಿನಿಯರರ ಜೀಪು ನೀರಿಗೇ ಇಳಿದು ದಾಟಿದ ಕಥೆಯನ್ನು ಮತ್ತೆ ಹೇಳುತ್ತಿದ್ದರು. "ನೀರಾಗ ಎಮ್ಮಿನೂ ಇಳೀತೈತಿ ಲಸ್ಕರ," ಎನ್ನುತ್ತಿದ್ದರು ಚಾಚಾ. "ಅದಕ್ಕ ಸ್ಟೇರಿಂಗ್ ಐತೇನು?"

ಈಗಿನ ಗಾಡಿಗಳನ್ನು ಕಂಡರೆ ಮೂವರಿಗೂ ಆಗುತ್ತಿರಲಿಲ್ಲ. ಬಾಗಿಲು ಹಾಕಿದರೆ ಸಪ್ಪಳವೇ ಬರುವುದಿಲ್ಲ, ಹಾಕಿಕೊಂಡಿತೋ ಇಲ್ಲವೋ ತಿಳಿಯುವುದು ಹೇಗೆ ಎಂಬುದು ಚಾಚಾರ ದೂರು. ಈ ಮಾತುಗಳ ನಡುವೆ ಮೀನು ಬರುತ್ತಿತ್ತು. ಕೆಂಪು ಮಸಾಲೆ ಮೆತ್ತಿ, ರವೆಯಲ್ಲಿ ಹೊರಳಿಸಿ, ಎಣ್ಣೆಯಲ್ಲಿ ಗರಿಗರಿಯಾಗಿ ಕರಿದದ್ದು. ಮೇಲೆ ಹೆಚ್ಚಿದ ಉಳ್ಳಾಗಡ್ಡಿ, ಲಿಂಬೆ. ಡಾಕ್ಟರು ಚಾಚಾರ ಎದೆ ಪರೀಕ್ಷೆ ಮಾಡಿ ಕರಿದದ್ದನ್ನು ಮುಟ್ಟಬಾರದು ಎಂದಿದ್ದರು. ಎಣ್ಣೆ ಇಲ್ಲದೆ ಇಂಜಿನ್ ಓಡುತ್ತದೆಯೇ ಎಂದು ಚಾಚಾ ಅವರನ್ನೇ ಕೇಳಿ ಬಂದು, ಅದೇ ಸಂಜೆ ಎರಡು ತುಂಡು ಹೆಚ್ಚಿಗೆ ತಿಂದಿದ್ದರು.

ಬಾಡಿಗೆ ನಿಂತ ಮೇಲೂ ಪರದೆ ಉಳಿದದ್ದು ಅಜ್ಜನಿಗಾಗಿ. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವಂತಿರಲಿಲ್ಲ. ಆದರೆ ಬಹಳ ಹಿಂದೆ ಒಮ್ಮೆ ಹೊಸಪೇಟೆಯಿಂದ ಬರುವಾಗ ಮುನಿರಾಬಾದಿನ ಹತ್ತಿರ ಕಾರು ಕೆಟ್ಟಿತಂತೆ. ಕೆಟ್ಟಿತು ಎಂದರೆ ಚಾಚಾ ಒಪ್ಪುತ್ತಿರಲಿಲ್ಲ, ದಣಿದಿತ್ತು ಎನ್ನುತ್ತಿದ್ದರು. ಹಸಿದ ಹೊಟ್ಟೆಗೆ ಸುತ್ತಮುತ್ತ ಸಿಕ್ಕಿದ್ದು ಕರಿದ ಮೀನೊಂದೇ. ಅಜ್ಜ ಹಿಂದಿನ ಸೀಟಿನಲ್ಲಿ ಕುಳಿತು ತಿಂದರು. ಕಾರಿನೊಳಗೆ ತಿಂದರೆ ಊರೊಳಗೆ ತಿಂದಂತಲ್ಲ ಎಂದು ಅಂದೇ ಮೂವರೂ ಸೇರಿ ಕಾನೂನು ಮಾಡಿಕೊಂಡರು.

ಅಲ್ಲಿಂದ ಮೇಲೆ ಲಸ್ಕರ್ ಬಂಡಿಯ ಮುಂದೆ ನಿಂತು ತಮ್ಮ ಹೆಸರಿನಲ್ಲೇ ಎರಡು ಪ್ಲೇಟ್ ಹೇಳುತ್ತಿದ್ದರು. ಬಡಕಲು ಮನುಷ್ಯ ಇಷ್ಟು ಹೇಗೆ ತಿನ್ನುತ್ತಾನೆ ಎಂದು ಓಣಿಯಲ್ಲಿ ನಗೆ. ಅದನ್ನು ಅವರು ಹೊತ್ತುಕೊಂಡೇ ತಿರುಗಿದರು. ಅಜ್ಜ ತಿನ್ನುವಾಗ ಚಾಚಾ ಹಿಡಿಯನ್ನು ಹಿಂದಕ್ಕೆ ಕೊಡುತ್ತಿದ್ದರು. ಬೇಸಿಗೆಯಲ್ಲೂ ಗಾಜು ಏರಿಸಿ, ಬೆವರುತ್ತ ತಿನ್ನುವುದು. ಎಲ್ಲಿಗೆ ಹೋಗಿದ್ದಿರಿ, ಏನು ತಿಂದಿರಿ ಎಂದು ಅಜ್ಜಿ ಕೇಳಿದರೆ ಅಜ್ಜ ಸುಳ್ಳು ಹೇಳುವವರಲ್ಲ. ಜಿಲೇಬಿ ಎನ್ನುತ್ತಿದ್ದರು. ನಮ್ಮ ಕಡೆ ಆ ಹೆಸರಿನ ಮೀನೊಂದು ಇದೆ ಎಂಬುದು ಅಜ್ಜಿಗೆ ತಿಳಿಯದು. ಸಕ್ಕರೆ ಕಾಯಿಲೆಯವರು ಹೀಗೆ ಮಾಡಬಹುದೇ ಎಂದು ಬೈಯುತ್ತಿದ್ದಳು.

ನಾನು ಆ ಕಾರಿನಲ್ಲೇ ಡ್ರೈವಿಂಗ್ ಕಲಿತೆ. ಸ್ಕೂಟಿ ಇರುವಾಗ ಹುಡುಗಿಗೆ ಕಾರು ಯಾಕೆ ಎಂದು ಅಪ್ಪ ಕೇಳಿದ್ದರು. ಚಾಚಾ ಅಪ್ಪನಿಗೆ ಉತ್ತರ ಕೊಡಲು ಹೋಗದೆ, ಮರುದಿನ ಬೆಳಿಗ್ಗೆ ನನ್ನನ್ನು ಸ್ಟೇರಿಂಗಿನ ಮುಂದೆ ಕೂರಿಸಿದರು. ಮೊದಲ ಕೆಲವು ತಿಂಗಳು ನಿಂತ ಕಾರಿನಲ್ಲೇ ಕ್ಲಚ್, ಗೇರ್, ಬ್ರೇಕ್. ಹಿಂದಿನ ಸೀಟು ಒರೆಸುವಾಗ ಕೈಗೆ ಮೀನಿನ ಮುಳ್ಳು ಚುಚ್ಚಿ ಅಜ್ಜನ ಗುಟ್ಟು ನನಗೆ ಗೊತ್ತಾದದ್ದೂ ಆಗಲೇ. ಚಾಚಾ ಆ ಮುಳ್ಳನ್ನು ನೋಡಿ, "ಲಸ್ಕರನ ಹೊಟ್ಟಿ ಭಾಳ ದೊಡ್ಡದು ಬೇಟಿ," ಎಂದಷ್ಟೇ ಹೇಳಿದರು. ನಾನೂ ಮುಂದೆ ಕೇಳಲಿಲ್ಲ.

ನನಗೆ ದಿನವೂ ಡೈರಿ ಬರೆಯುವ ರೂಢಿ. ಶುಕ್ರವಾರದ ಪುಟದ ಮೂಲೆಯಲ್ಲಿ, ಕಾರು ಚಾಲೂ ಆದರೆ ಒಂದು ಸರಿ ಗುರುತು, ಆಗದಿದ್ದರೆ ಒಂದು ತಪ್ಪು ಗುರುತು ಹಾಕುತ್ತಿದ್ದೆ. ಚಾಚಾ ಆಗಾಗ ಅದನ್ನು ಇಸಿದುಕೊಂಡು ಪರಿಶೀಲಿಸುತ್ತಿದ್ದರು. ಒಂದು ತಪ್ಪು ಗುರುತಿಗಾಗಿ ಅರ್ಧ ಸಂಜೆ ವಾದ ಮಾಡಿದ್ದುಂಟು. "ಅವತ್ತು ಚಾಲೂ ಆಗಿತ್ತು. ಆಮ್ಯಾಲ ಬಂದ್ ಆತು. ಅದು ಬ್ಯಾರೆ ಮಾತು." ತಮ್ಮ ಗಾಡಿ ಚಾಲೂ ಆಗುವುದಿಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದೇ ಇಲ್ಲ. ಒಂದು ಸಲ ಬಿಟ್ಟು.

ರಸ್ತೆಯಲ್ಲಿ ಕೆಟ್ಟು ನಿಂತ ಹಳೆಯ ವಾಹನಗಳನ್ನು ಎತ್ತಿಸುತ್ತೇವೆ ಎಂದು ಮೊದಲು ನಗರಸಭೆಯ ಒಂದು ನೋಟೀಸು ಬಂತು. ಗಾಜಿಗೆ ಅಂಟಿಸಿ ಹೋಗಿದ್ದರು. ಚಾಚಾ ಅದನ್ನು ನೆನೆಸಿ, ಹರಿಯದಂತೆ ಬಿಡಿಸಿ, ಬಿಸಿಲಿಗೆ ಒಣಗಿಸಿ, ಶುಕ್ರವಾರದ ಮೀನಿನ ಮುಳ್ಳು ಹಾಕಲು ಇಟ್ಟುಕೊಂಡರು. ಎರಡನೆಯ ನೋಟೀಸಿಗೂ ಅದೇ ಗತಿ. ಮೂರನೆಯ ಸಲ ಕಾಗದ ಬರಲಿಲ್ಲ. ಸರಪಳಿ ಹಿಡಿದುಕೊಂಡ ಇಬ್ಬರು ಆಳುಗಳು, ಎಳೆದೊಯ್ಯುವ ಒಂದು ಗಾಡಿ, ಜೊತೆಗೆ ಒಬ್ಬ ಅಧಿಕಾರಿ ಬಂದರು.

ಶುಕ್ರವಾರ ಸಂಜೆ. ಅಜ್ಜನನ್ನು ಮನೆಗೆ ಕರೆಯಲು ಹೋಗಿದ್ದ ನಾನು ಬಂಡಿಯ ಹತ್ತಿರ ನಿಂತಿದ್ದೆ. ಚಾಚಾ ಮತ್ತು ಲಸ್ಕರ್ ಇನ್ನಷ್ಟು ಉಳ್ಳಾಗಡ್ಡಿಗಾಗಿ ಇಳಿದು ಬಂದಿದ್ದರು. ಕಾರಿನೊಳಗೆ ಅಜ್ಜ ಒಬ್ಬರೇ, ಪರದೆ ಎಳೆದುಕೊಂಡು, ಗಾಜು ಏರಿಸಿಕೊಂಡು, ತೊಡೆಯ ಮೇಲೆ ಪ್ಲೇಟ್ ಇಟ್ಟುಕೊಂಡು.

ಅಧಿಕಾರಿ ಕೆಟ್ಟ ಮನುಷ್ಯರೇನಲ್ಲ. ಗಾಡಿ ಓಡುವಂಥದ್ದಾದರೆ ತಾವು ಮುಟ್ಟುವುದಿಲ್ಲ ಎಂದರು. "ಬಾಗಲಾ ತಗೀರಿ ಚಾಚಾ, ಚಾಲೂ ಮಾಡಿ ತೋರಿಸ್ರಿ. ಈಗ ಹೋಗ್ತೀವಿ."

ಅಷ್ಟೇ ಸಾಕಿತ್ತು. ಬ್ಯಾಟರಿ ಹೊಸದು. ಅಂದು ಮಧ್ಯಾಹ್ನ ನಾನೇ ಚಾಲೂ ಮಾಡಿದ್ದೆ, ಸರಿ ಗುರುತೂ ಹಾಕಿಯಾಗಿತ್ತು. ಆದರೆ ಅಷ್ಟರಲ್ಲಿ ಜನ ಸೇರಿದ್ದರು. ಗಿರಣಿಯ ಹಮಾಲರು, ಅಜ್ಜನ ಕೈಯಲ್ಲಿ ಕಲಿತವರು, ನಮ್ಮ ಮನೆಗೆ ಹಾಲು ಹಾಕುವವರು. ಬಾಗಿಲು ತೆಗೆದರೆ ಎಲ್ಲರಿಗೂ ಕಾಣುವುದು ಮಾಸ್ತರರ ಕೈಯ ಮೀನು. ಚಾಚಾ ಕಾರಿನ ಕಡೆ ನೋಡಿದರು, ಜನರ ಕಡೆ ನೋಡಿದರು. ಖಾಲಿಯಾಗಿದ್ದ ಜೇಬಿನ ಮೇಲೆ ಕೈ ಇಟ್ಟುಕೊಂಡರು.

"ಚಾಲೂ ಆಗೂದಿಲ್ರಿ," ಎಂದರು.

ನನಗೆ ಕೂಗಿ ಹೇಳಬೇಕೆನ್ನಿಸಿತು, ಚಾಚಾ ಕಣ್ಣಿನಲ್ಲೇ ತಡೆದರು. ಒಂದು ಬೇಡಿಕೆ ಮಾತ್ರ ಇಟ್ಟರು. ಇಲ್ಲಿ ಸರಪಳಿ ಕಟ್ಟಬೇಡಿ, ಗಿರಣಿಯ ಹಿಂದಕ್ಕೆ ನಾನೇ ತಳ್ಳಿಕೊಂಡು ಬರುತ್ತೇನೆ, ಅಲ್ಲಿ ಕಟ್ಟಿಕೊಂಡು ಹೋಗಿ ಎಂದರು. ಗಿರಣಿಯ ಹಿಂದೆ ಜನ ಓಡಾಡುವುದಿಲ್ಲ. ಅಜ್ಜ ಅಲ್ಲಿ ಇಳಿದು ಮನೆ ಸೇರಬಹುದಿತ್ತು. ಅಧಿಕಾರಿಗೆ ಇದು ಹೊತ್ತು ಕಳೆಯುವ ಉಪಾಯವೆನ್ನಿಸಿರಬೇಕು. ಆಳುಗಳಿಗೆ ಕೈ ಮಾಡಿದರು. ಒಬ್ಬ ಮುಂದಿನ ಬಂಪರಿನ ಕೆಳಗೆ ಬಗ್ಗಿದ.

ಆಗ ಹಿಂದಿನ ಗಾಜು ಕಿರಗುಟ್ಟಿತು. ಹಿಡಿ ಅಜ್ಜನ ಕೈಯಲ್ಲೇ ಇತ್ತಲ್ಲ. ಗಾಜು ನಿಧಾನವಾಗಿ ಇಳಿಯಿತು, ಪರದೆ ಪಕ್ಕಕ್ಕೆ ಸರಿಯಿತು. ಬೆವರಿನಲ್ಲಿ ತೊಯ್ದ ಅಜ್ಜನ ಮುಖ, ಹಣೆಯ ಮೇಲಿನ ವಿಭೂತಿ, ಬೆರಳುಗಳಲ್ಲಿ ಅರ್ಧ ತಿಂದ ಮೀನು.

"ನಾ ಮೀನಾ ತಿನ್ನಾಕತ್ತೀನಿ," ಎಂದರು ಅಜ್ಜ, ತರಗತಿಯಲ್ಲಿ ಹಾಜರಿ ಕರೆಯುವ ದನಿಯಲ್ಲಿ. "ಒಳಗ ಮಂದಿ ಇರೂವಾಗ ಗಾಡಿ ಎಳಿಯಾಕ ಬರೂದಿಲ್ಲ. ಮತ್ತ, ಆ ಮನಿಷಾ ಸುಳ್ಳ ಹೇಳ್ಯಾನ. ಗಾಡಿ ಛಲೋ ಚಾಲೂ ಆಗತೈತಿ."

ಚಾಚಾರ ಮುಖ ನೋಡಬೇಕಿತ್ತು. ಸಿಟ್ಟೋ ಸಂತೋಷವೋ ಹೇಳಲಾಗದು. ಹೋಗಿ ಸ್ಟೇರಿಂಗಿನ ಮುಂದೆ ಕೂತರು. ಮೊದಲ ಸಲಕ್ಕೆ ಕೆಮ್ಮಿತು, ಎರಡನೆಯ ಸಲಕ್ಕೆ ಗುಡುಗಿತು. ಹೊಗೆಗೆ ಜನ ಹಿಂದೆ ಸರಿದರು. ಅಧಿಕಾರಿ ಆಳುಗಳನ್ನು ಕರೆದುಕೊಂಡು ಹೊರಟರು. ಚಾಚಾ ನನಗೂ ಲಸ್ಕರರಿಗೂ ಹತ್ತಲು ಹೇಳಿ, ಕಾಲುವೆಯ ಸೇತುವೆಯವರೆಗೆ, ಅಲ್ಲಿಂದ ಪೇಟೆಯ ನಡುವೆ, ಎಲ್ಲ ಗಾಜು ಇಳಿಸಿ, ಕಾರು ಓಡಿಸಿದರು. ಒಂದೊಂದು ಗಾಜಿಗೂ ಹಿಡಿ ಕೈಯಿಂದ ಕೈಗೆ ತಿರುಗಿತು. ಅಜ್ಜ ದಾರಿಯುದ್ದಕ್ಕೂ ತಿನ್ನುತ್ತಲೇ ಇದ್ದರು.

ಸುದ್ದಿ ನಮಗಿಂತ ಮೊದಲೇ ಮನೆ ಮುಟ್ಟಿತ್ತು. ಅಜ್ಜಿ ಅಜ್ಜನ ತಾಟು, ಲೋಟ ಎರಡನ್ನೂ ಹೊರಗಿನ ಕಟ್ಟೆಯ ಮೇಲೆ ಇಟ್ಟಿದ್ದಳು. ಮರುದಿನ ಚಾಚಾ ನಮ್ಮ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನಿಂತರು.

"ತಪ್ಪು ನಂದು ವೈನಿಯವರ. ರುಚಿ ಹಚ್ಚಿದಾಂವ ನಾನು."

"ನೀವು ಹಚ್ಚಿದ್ರ ಅವರು ನುಂಗಬೇಕಂತ ಕಾಯ್ದೆ ಐತೇನ್ರಿ?" ಎಂದಳು ಅಜ್ಜಿ ಒಳಗಿನಿಂದಲೇ. "ತಿಂದದ್ದಕ್ಕ ಅವರ ತಾಟು ಹೊರಗ. ಅದು ನಮ್ಮ ಮನಿ ಪದ್ಧತಿ. ಆದ್ರ ನನಗ ಸಿಟ್ಟು ಬಂದಿದ್ದು ಅದಕ್ಕಲ್ಲ. ಇಷ್ಟು ವರ್ಷ ಪರದಿ ಹಾಕ್ಕೊಂಡು ತಿಂದ್ರಲ್ಲ, ಅದಕ್ಕ."

ಚಾಚಾ ನೆಟ್ಟಗೆ ಬೇವಿನ ಮರದ ಕೆಳಗೆ ಹೋದರು. ಎರಡೂ ಪರದೆಗಳನ್ನು ಕಿತ್ತರು. ಅವುಗಳಿಂದಲೇ ಕಾರನ್ನು ತಿಕ್ಕಿ ತೊಳೆದರು.

ಕಳೆದ ಚಳಿಗಾಲದಲ್ಲಿ ಅವರು ಹೋದರು. ಬೆಳಗಿನ ನಮಾಜು ಮುಗಿಸಿ ಬಂದು ಕಟ್ಟೆಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಅಜ್ಜ ಕಬರಸ್ತಾನದವರೆಗೂ ನಡೆದೇ ಹೋದರು. ಮಣ್ಣು ಹಾಕಿ ಬರುವಾಗ ಮೀನು ಬಿಡಬೇಕಿತ್ತು, ಡಾಕ್ಟರ ಮಾತು ಕೇಳಬೇಕಿತ್ತು ಎಂದು ಯಾರೋ ಅಂದರು. ಅಜ್ಜ ನಿಂತು, ಅವರ ಮುಖ ನೋಡಿ, "ಬಿಟ್ಟಿದ್ರ ಇನ್ನೂ ಮದಲ ಹೋಗ್ತಿದ್ದ," ಎಂದು ಮುಂದೆ ನಡೆದರು.

ನಲವತ್ತನೆಯ ದಿನದ ಶಾಸ್ತ್ರ ಮುಗಿದ ಮೇಲೆ ಚಾಚಿ ನನ್ನನ್ನು ಕರೆಸಿ ಕಾರಿನ ಕೀಲಿ ಕೊಟ್ಟರು, ಅದರ ಜೊತೆಗೆ ಹಿಡಿಯನ್ನೂ. ನಿಂತಲ್ಲೇ ನಿಲ್ಲಿಸಬೇಡ, ಓಡಿಸುತ್ತಿರು ಎಂದರು. ಬೇರೆ ಗಾಡಿಗಳನ್ನೂ ನಾನೀಗ ಓಡಿಸುತ್ತೇನೆ. ಕೆಲಸದ ಮೇಲೆ ಕೊಪ್ಪಳಕ್ಕೂ ಗಿಣಿಗೇರಿಗೂ ಒಬ್ಬಳೇ ಹೋಗಿ ಬರುತ್ತೇನೆ. ಲಾರಿಗಳ ನಡುವೆ ಸಿಕ್ಕಿ ಅಂಜಿಕೆಯಾದಾಗ ನಿಂತ ಕಾರಿನಲ್ಲಿ ಕಲಿತ ಪಾಠ ಕಾಲಿಗೆ ತಾನಾಗಿ ಬರುತ್ತದೆ. ಅಪ್ಪ ಈಗ ಏನೂ ಕೇಳುವುದಿಲ್ಲ.

ಶುಕ್ರವಾರ ಸಂಜೆ ಸ್ಟೇರಿಂಗಿನ ಮುಂದೆ ನಾನು ಕೂರುತ್ತೇನೆ. ಲಸ್ಕರ್ ತಾವಾಗಿಯೇ ಹಿಂದಿನ ಸೀಟಿಗೆ ಹೋಗಿದ್ದಾರೆ. ಅಜ್ಜ ಮುಂದೆ, ನನ್ನ ಪಕ್ಕದಲ್ಲಿ. ಪದ್ಮಿನಿಯೇ ಒಳ್ಳೆಯ ಗಾಡಿ ಎಂದು ಅವರು ಈಗಲೂ ಹೇಳುತ್ತಾರೆ. ಹೇಳಿ, ಎದುರು ಮಾತಿಗಾಗಿ ಸ್ವಲ್ಪ ಹೊತ್ತು ಕಾಯುತ್ತಾರೆ. ಆ ಮಾತನ್ನು ನಾನು ಹೇಳಬೇಕಾಗುತ್ತದೆ. ಕುಷ್ಟಗಿ ರಸ್ತೆ ನೋಡಿದರೆ ಅಳುತ್ತದೆ ಎನ್ನುತ್ತೇನೆ. ರಾತ್ರಿ ಅವರ ತಾಟು ಇವತ್ತಿಗೂ ಕಟ್ಟೆಯ ಮೇಲೇ ಇರುತ್ತದೆ. ಅಜ್ಜಿ ಪದ್ಧತಿ ಬಿಟ್ಟಿಲ್ಲ, ಅಜ್ಜ ಮೀನು ಬಿಟ್ಟಿಲ್ಲ.

ಪ್ಲೇಟ್ ಬಂದಾಗ ನಾನು ಚೀಲದಿಂದ ಹಿಡಿ ತೆಗೆದು ಅಜ್ಜನ ಬಾಗಿಲಿಗೆ ಸಿಕ್ಕಿಸಿ ತಿರುವುತ್ತೇನೆ. ಅರ್ಧಕ್ಕೆ ನಿಲ್ಲಿಸಿದರೆ ಅವರು ಒಪ್ಪುವುದಿಲ್ಲ.

"ಪೂರಾ ಇಳಸವ್ವ."

ಪೂರ್ತಿ ಇಳಿಸುತ್ತೇನೆ. ಕರಿದ ಮೀನಿನ ವಾಸನೆ ಗಿರಣಿ ದಾಟಿ, ನಮ್ಮ ಮನೆಯ ಬಾಗಿಲವರೆಗೂ ಹೋಗುತ್ತದೆ. ಹೋಗಲಿ.