ಕಟ್ಟೆ ತೊಳೆದ ನೀರು

ಏ, ಕಟ್ಟಿ ಮ್ಯಾಲ ಕುಂತಾವ್ರೇ, ಒಂಚೂರು ಈಕಡೆ ಕಿವಿ ಕೊಡ್ರಿ! ನಮ್ಮಜ್ಜಿ ಎಸ್ತೇರಮ್ಮನ ಕಥೆ ಇದು. ಆಕೆಯೇ ತಲೆ ತಗ್ಗಿಸಿಕೊಂಡು ಹೇಳಿದ್ದು.

ಗಬ್ಬೂರಿನಿಂದ ಮಾನ್ವಿಗೆ ಸೊಸೆಯಾಗಿ ಬಂದ ಅಜ್ಜಿ ರೈಸ್‌ಮಿಲ್ಲಿನಲ್ಲಿ ಅಕ್ಕಿ ಕೇರುತ್ತಿದ್ದಳು. ವಾರದಲ್ಲಿ ಆರು ದಿನ ಮೈಯೆಲ್ಲ ತೌಡು. ಭಾನುವಾರ ಮಾತ್ರ ಬಿಳಿ ಸೀರೆ, ಚರ್ಚಿನಲ್ಲಿ ಎಲ್ಲರಿಗಿಂತ ದೊಡ್ಡ ದನಿಯ ಹಾಡು.

ಎಂಬತ್ತೆರಡರ ಮಳೆಗಾಲದ ಒಂದು ಭಾನುವಾರ. ಅಜ್ಜಿ ಚರ್ಚಿಗೆ ಹೊರಟು ಬಾಗಿಲಿಗೆ ಬಂದರೆ ಕಟ್ಟೆಯ ಮೇಲೆ ಗುರುತಿಲ್ಲದ ಹೆಂಗಸು. ಕಂಕುಳಲ್ಲಿ ಕೂಸು, ಕಾಲ ತುಂಬ ಕೆಸರು. ಶಕ್ತಿನಗರದಲ್ಲಿ ಕರೆಂಟಿನ ಕಾರ್ಖಾನೆ ಕಟ್ಟುತ್ತಿದ್ದ ಕಾಲ ಅದು. ಅಲ್ಲಿ ದುಡಿಯುವ ಗಂಡನನ್ನು ಹುಡುಕಿಕೊಂಡು ಒರಿಸ್ಸಾದಿಂದ ಬಂದವಳು, ರಾಯಚೂರಿನಲ್ಲಿ ತಪ್ಪು ಬಸ್ಸು ಹತ್ತಿದ್ದಳು. ಅಜ್ಜಿಗೆ ಇದೆಲ್ಲ ಗೊತ್ತಾದದ್ದು ಆಮೇಲೆ. ಹೆಂಗಸು ಬೊಗಸೆಯನ್ನು ಬಾಯಿಗೆ ಹಿಡಿದು ನೀರು ಕೇಳಿದಳು.

"ಏಳಬೇ ಪರದೇಶಿ! ಕೂಡಾಕ ನಮ್ಮ ಕಟ್ಟೀನ ಸಿಕ್ತೇನು?"

ಹೆಂಗಸು ನಕ್ಕು ತಲೆಯಾಡಿಸಿದಳು. "ಹಾಂ ಮಾ, ಪರದೇಶಿ."

ಅಣಕಿಸುತ್ತಾಳೆಂದು ಅಜ್ಜಿಗೆ ಸಿಟ್ಟು ನೆತ್ತಿಗೇರಿತು. ಎಬ್ಬಿಸಿ ಕಳಿಸಿದಳು. ಕುಡಿಯಲು ಕೊಡದ ನೀರನ್ನು ಕೊಡಗಟ್ಟಲೆ ಸುರಿದು ಕಟ್ಟೆ ತೊಳೆದಳು.

ಚರ್ಚಿನಲ್ಲಿ ಪಾಸ್ಟರ್ ತಾಯಪ್ಪನವರು ಅವತ್ತೇ ಹೇಳಬೇಕೆ, ಪರದೇಶಿಯನ್ನು ಮನೆಯೊಳಗೆ ಕರೆದವರು ಯೇಸುವನ್ನೇ ಕರೆದಂತೆ ಅಂತ! ಗೋಡೆಯ ಮೇಲಿಂದ ಎಲ್ಲ ನೋಡಿದ್ದ ಪಕ್ಕದ ಮನೆಯ ಶರಣಮ್ಮ ಮೊಳಕೈಯಿಂದ ತಿವಿದಳು.

"ಯೇಸಪ್ಪ ಮುಂಜಾನಿ ನಿಮ್ಮನಿಗೇ ಬಂದಿದ್ನಲ್ಲಬೇ. ಕಟ್ಟಿ ತೊಳ್ದಿ ನೋಡು!"

ಮುಂದಿನ ಹಾಡಿಗೆ ಅಜ್ಜಿಯ ಬಾಯಿ ತೆರೆಯಲಿಲ್ಲ. ಪ್ರಾರ್ಥನೆ ಮುಗಿಯುವ ಮೊದಲೇ ಎದ್ದು ಬಸ್‌ಸ್ಟ್ಯಾಂಡಿಗೆ ಓಡಿದಳು. ಮೀರಾಹುಸೇನನ ಚಹಾದಂಗಡಿಯ ಬೆಂಚಿನ ಮೇಲೆ ಹೆಂಗಸು ಕೂತಿದ್ದಳು. ಕೂಸು ಬ್ರೆಡ್ಡು ಚೀಪುತ್ತಿತ್ತು.

"ಬಾ ಅಕ್ಕಾ," ಎಂದ ಮೀರಾಹುಸೇನ. "ಈಕೀನ್ನ ನಾಕರ ಬಸ್ಸಿಗೆ ಹತ್ತಸ್ಬೇಕು. ಪಾಪ, ಯಾರೋ ಒಬ್ಬಾಕಿ 'ಪರದೇಶಿಯೇನು' ಅಂತ ಕೇಳಿದ್ಲಂತ. ಹೌದಂದ್ರೂ ನೀರು ಕೊಡ್ಲಿಲ್ಲಂತ."

"ಕೇಳ್ಲಿಲ್ಲೋ, ಬೈದೆ. ನಾನಾ ಬೈದೆ."

ಮೀರಾಹುಸೇನ ಚಹಾ ಸೋಸುವುದನ್ನು ನಿಲ್ಲಿಸಿದ. "ನಮ್ಮ ಉರ್ದು-ಹಿಂದಿ ಮಾತಿನಾಗ ಅದು ಬೈಗಳಲ್ಲಕ್ಕಾ. ಬ್ಯಾರೆ ನಾಡಿನಾಕಿ ಅಂತ, ಅಷ್ಟ. ಆಕೀಗೆ ಬೈದದ್ದ ತಿಳಿದಿಲ್ಲ, ಸುಮ್ನ ಬಿಡು."

ತಿಳಿದಿಲ್ಲ ಎಂಬುದೇ ಅಜ್ಜಿಗೆ ಹೆಚ್ಚು ಚುಚ್ಚಿತು. "ಹೇಳೋ ಆಕೀಗೆ. ಬೈದೆ ಅಂತ ಹೇಳು. ಮಾಫ್ ಮಾಡು ಅಂತೂ ಹೇಳು."

ಅವನು ಹಿಂದಿಯಲ್ಲಿ ಹೇಳಿದ. ಹೆಂಗಸಿನ ಮುಖದ ನಗು ಆರಿತು.

ಆದರೂ ಕರೆದಾಗ ಮನೆಗೆ ಬಂದಳು, ಹಸಿವು ಅಂಥದ್ದು. "ಒಳಗ ಬಾರಬೇ, ನಮ್ಮವ್ವ" ಎಂದು ಅಜ್ಜಿ ಎಷ್ಟು ಬೇಡಿದರೂ ಹೊಸ್ತಿಲು ದಾಟಲಿಲ್ಲ. ಕಟ್ಟೆಯ ಮೇಲೆಯೇ ರೊಟ್ಟಿ ತಿಂದು ಎರಡು ಚೆಂಬು ನೀರು ಕುಡಿದಳು. ಬಿಳಿ ಸೀರೆಯ ಅಜ್ಜಿ ಕೆಸರು ನೋಡದೆ ಪಕ್ಕದಲ್ಲಿ ಕೂತಳು. ನಾಲ್ಕಕ್ಕೆ ಬಸ್ಸು ಹತ್ತಿಸಿ ಬಂದಳು.

ದೀಪ ಹಚ್ಚುವ ಮುಂಚೆ ಕಟ್ಟೆ ತೊಳೆಯುವುದು ಅಜ್ಜಿಯ ರೂಢಿ. ಕೊಡ ತಂದಳು. ಕೆಸರಿನ ಹೆಜ್ಜೆಗಳು ಅಲ್ಲೇ ಇದ್ದವು. ತುಂಬಿದ ಕೊಡವನ್ನು ಹಾಗೆಯೇ ಒಳಗೆ ಒಯ್ದು ಇಟ್ಟಳು.