ತಮ್ಮನ ಕಾರಿಗೆ ಬ್ರೇಕ್ ಪ್ಯಾಡ್ ಆರಿಸಿದ್ದು

ನನ್ನ ತಮ್ಮನ ಕಾರಿಗೆ ಎರಡೇ ಬಾಗಿಲು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ನಿಲ್ಲುವ, ವೇಗಕ್ಕೆಂದೇ ಮಾಡಿದ ಗಾಡಿ. ಹೊಸಪೇಟೆಯ ನಮ್ಮ ಓಣಿಯಿಂದ ಅದನ್ನು ಹೊರಗೆ ತರಬೇಕಾದರೆ ಚರಂಡಿಯ ಮೇಲೆ ಹಲಗೆ ಹಾಕಬೇಕು. ಅವನು ಮೊದಲು ಅದಿರಿನ ಲಾರಿ ಓಡಿಸಿದ, ಆಮೇಲೆ ಸ್ವಂತ ಲಾರಿ ಇಟ್ಟ, ಗಣಿ ನಿಂತಾಗ ಅವನ್ನೆಲ್ಲ ಮಾರಿದ. ಗಣಿಯವರೊಬ್ಬರ ಮನೆಯಿಂದ ಕೊಂಡಿದ್ದ ಈ ಕಾರನ್ನು ಮಾತ್ರ ಮಾರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಊಟಕ್ಕೆ ನನ್ನ ಮನೆಗೆ ಬರುತ್ತಾನೆ. ಉಳಿದ ಹೊತ್ತೆಲ್ಲ ಕಾರಿನದು. ರವಿವಾರ ಬೆಳಿಗ್ಗೆ ಸಂಡೂರಿಗೆ ಹೋಗಿ, ಅಲ್ಲಿ ಚಹಾ ಕುಡಿದು, ಘಾಟಿ ಇಳಿದು ಬರುವುದು ಅವನ ಪದ್ಧತಿ. ವಾರದ ಉಳಿದ ದಿನಗಳನ್ನು ಅವನು ಆ ಒಂದು ಬೆಳಗಿಗಾಗಿ ದಾಟುತ್ತಿದ್ದ ಎಂದರೆ ತಪ್ಪಲ್ಲ.

ಮಳೆಗಾಲ ಮುಗಿದಾಗಿನಿಂದ ಅವನದು ಒಂದೇ ದೂರು: ಬ್ರೇಕ್ ಹಿಡಿಯುತ್ತಿಲ್ಲ. ಒಂದು ಸಲ ಪ್ಯಾಡ್ ಬದಲಾಯಿಸಿದ. ಕೆಲವು ವಾರ ಸುಮ್ಮನಿದ್ದು ಮತ್ತೆ ಅದೇ ಮಾತು ಶುರು ಮಾಡಿದ.

ನಾನು ಗಣಿ ಕಾರ್ಮಿಕರ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ವಾರ್ಡಿನ ಅಭ್ಯಾಸ ಬಿಟ್ಟಿಲ್ಲ. ಹೊತ್ತಿಗೆ ಸರಿಯಾಗಿ ಏಳುತ್ತೇನೆ, ಹೊತ್ತಿಗೆ ಸರಿಯಾಗಿ ತಮ್ಮನಿಗೆ ಇನ್ಸುಲಿನ್ ಕೊಡುತ್ತೇನೆ. ತಿಂಡಿಗೆ ಮುಂಚೆ ಅವನ ಪಾದ ನೋಡುತ್ತೇನೆ. ಸಕ್ಕರೆ ಕಾಯಿಲೆ ಅವನಿಗೆ ಬಹಳ ವರ್ಷದ್ದು. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಅಂಗಾಲನ್ನು ಮುಟ್ಟಿದರೆ ಅವನು ಹೂಂ ಅನ್ನಬೇಕು. ಎಡಗಾಲಿನಲ್ಲಿ ಒಂದಷ್ಟು ಗೊತ್ತಾಗುತ್ತದೆ. ಬಲಗಾಲಿಗೆ ಬಂದಾಗ, ನಾನು ಮುಟ್ಟದಿದ್ದರೂ ಹೂಂ ಅನ್ನುತ್ತಾನೆ.

ಡಾಕ್ಟರು ಗಾಡಿ ಓಡಿಸುವುದು ಬೇಡವೆಂದು ಹೇಳಿದ್ದರು. ಅವನು ಅದನ್ನು ಬೇರೆ ಯಾರಿಗೋ ಹೇಳಿದಂತೆ ಕೇಳಿಸಿಕೊಂಡ. ಕೊನೆಗೆ ನನ್ನದೊಂದು ನಿಯಮ ಮಾಡಿದೆ: ಕಾರು ಹೊರಟರೆ ಪಕ್ಕದ ಸೀಟಿನಲ್ಲಿ ನಾನಿರಬೇಕು. ಅದಕ್ಕೆ ಒಪ್ಪಿದ. ಎಡಗಡೆ ಕುಳಿತ ಮುದುಕಿ ಏನು ಮಾಡಬಲ್ಲಳು ಎಂದು ಅವನೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಆ ದಿನ ಇಬ್ಬರೂ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ನಮಗೆ ಹಳೆಯ ಪರಿಚಯ, ನಲವತ್ತರ ಆಸುಪಾಸಿನವನು, ಬಾಯಿ ಜೋರು. ಮುಂದಿನ ಚಕ್ರ ಬಿಚ್ಚಿ ಹಳೆಯ ಪ್ಯಾಡುಗಳನ್ನು ತೆಗೆದು ಬಟ್ಟೆಯಲ್ಲಿ ಒರೆಸಿ ನನ್ನ ಮುಂದೆ ಹಿಡಿದ. ಅವು ಅಂಗೈ ಅಗಲದ ಬಿಲ್ಲೆಗಳು. ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿದು ಗಾಡಿ ನಿಲ್ಲಿಸುವುದೇ ಅವುಗಳ ಕೆಲಸ.

"ನೋಡ್ರಿ ಅಕ್ಕಾರ, ಇವು ಅರ್ಧಾನೂ ಸವದಿಲ್ಲ. ಸುಟ್ಟಾವ. ಗಾಜಿನಂಗ ಹೊಳಿಯಾಕತ್ತಾವ. ಹಿಂಗಾದ್ರ ಜಾರತಾವ, ಹಿಡಿಯಂಗಿಲ್ಲ." ತಮ್ಮನ ಕಡೆ ತಿರುಗಿದ. "ಅಣ್ಣಾರ, ಘಾಟಿ ಪೂರ್ತಿ ಬ್ರೇಕ್ ಮ್ಯಾಲ ಕಾಲಿಟ್ಗೊಂಡ ಇಳೀತೀರೇನ್ರಿ?"

"ನಂಗ ಕಲಿಸಾಕ ಬರ್ತೀಯೇನಲೇ? ನಿಮ್ಮಪ್ಪ ಪಂಚರ್ ಹಾಕೋ ಕಾಲಕ್ಕ ನಾ ಅದಿರು ತುಂಬ್ಕೊಂಡು ಆ ಘಾಟಿ ಇಳಿಸೀನಿ. ಗೇರ್ ಮ್ಯಾಲ ಇಳಿಸ್ತೀನಿ ನಾನು. ಬೇಕಾದ್ರ ಅಕ್ಕನ್ನ ಕೇಳು."

"ಗೇರ್ ಮ್ಯಾಲ ಇಳಿಸಿದ್ರ ಪ್ಯಾಡ್ ಹಿಂಗ್ಯಾಕ ಆಗ್ತಾವ್ರಿ ಮತ್ತ?"

"ಮಾಲು ಕಳಪಿ. ನೀ ಹಾಕಿದ್ದಲ್ಲೇನು?"

ಮೆಕ್ಯಾನಿಕ್ ನಕ್ಕ. ನನಗೆ ನಗು ಬರಲಿಲ್ಲ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ತಮ್ಮ ಗೇರಿನ ಮೇಲೆಯೇ ಘಾಟಿ ಇಳಿಯುತ್ತಿದ್ದ. ಅವನ ಬಲಗಾಲು ಮಾತ್ರ ಅವನಿಗೆ ತಿಳಿಯದಂತೆ ಬ್ರೇಕಿನ ಮೇಲೆ ಕುಳಿತೇ ಇರುತ್ತಿತ್ತೆಂದು ಆ ಸುಟ್ಟ ಪ್ಯಾಡ್ ನೋಡಿ ನನಗೆ ಅರ್ಥವಾಯಿತು. ನಾನು ಪಕ್ಕದಲ್ಲಿದ್ದೂ ಕಣ್ಣನ್ನು ರಸ್ತೆಯ ಮೇಲಿಟ್ಟಿದ್ದೆ.

ಮೆಕ್ಯಾನಿಕ್ ಮೂರು ಡಬ್ಬಿ ತಂದು ಮೇಜಿನ ಮೇಲಿಟ್ಟ. ನಾನು ಅವನ್ನು ಸಾಲಾಗಿ ಜೋಡಿಸಿಕೊಂಡು ಒಂದೊಂದಾಗಿ ಹೇಳೆಂದೆ.

"ಇದು ಕಂಪನಿದು, ಹೆಂಗಿತ್ತೋ ಹಂಗ. ಇದು ಸಿರಾಮಿಕ್, ಮೆತ್ತಗ ಹಿಡೀತೈತಿ, ಸದ್ದಿಲ್ಲ, ಚಕ್ರಕ್ಕ ಕರಿ ಧೂಳ ಕುಂದ್ರಂಗಿಲ್ಲ."

"ಸಂಡೂರ್ ದಾರ್ಯಾಗ ಕೆಂಪು ಧೂಳ ಕುಂದ್ರೋ ಚಕ್ರಕ್ಕ ಕರೇದು ಕುಂತ್ರೇನು ಬಿಟ್ರೇನು," ಎಂದೆ.

"ಅದೂ ಖರೇನ ಬಿಡ್ರಿ. ಇದು ನೋಡ್ರಿ, ಸ್ಪೋರ್ಟ್ಸ್. ಕಬ್ಬಿಣದ ಪುಡಿ ಜಾಸ್ತಿ ಐತಿ. ಬಿಸಿ ಏರಿ ಕಾದ್ರ ಮಸ್ತ್ ಹಿಡೀತೈತಿ."

"ಕಾಯೋತನಕ?"

"ಸ್ವಲ್ಪ ಕಮ್ಮಿ."

"ಓಣ್ಯಾಗ ಕೂಸು ಅಡ್ಡ ಬಂದ್ರ, ಕಾಯೋತನಕ ತಡಿಯವ್ವ ಅನ್ನಬೇಕೇನು?"

"ನಿಲ್ಲಂಗಿಲ್ಲ ಅಂತಲ್ರೀ ಅಕ್ಕಾರ. ಒಂದೀಟು ಜೋರಾಗಿ ಒತ್ತಬೇಕು, ಅಷ್ಟ."

"ಅಕ್ಕಾ, ಇದೇನ್ ಗುಳಿಗಿ ಅಲ್ಲ," ಎಂದ ತಮ್ಮ.

"ಗುಳಿಗಿ ಆಗಿದ್ರ ಚಲೋ ಇತ್ತು. ಊಟಕ್ಕ ಮೊದಲೋ ಆಮ್ಯಾಲೋ ಅಂತಾದ್ರೂ ಬರೆದಿರ್ತಿದ್ರು."

ಅವನು ಮೂರನೆಯ ಡಬ್ಬಿಯಿಂದ ಒಂದು ಪ್ಯಾಡ್ ಎತ್ತಿ ಹೆಬ್ಬೆರಳಿನಿಂದ ಅದರ ಒರಟು ಮೈಯನ್ನು ಉಜ್ಜಿದ. ಸಿರಾಮಿಕ್ಕನ್ನೂ ಹಾಗೆಯೇ ಉಜ್ಜಿ ಕೆಳಗಿಟ್ಟ. ಮತ್ತೆ ಮೂರನೆಯದನ್ನೇ ಎತ್ತಿಕೊಂಡ.

"ಇದ ಇರ್ಲಿ. ಇದು ಹಿಡಿದ್ರ ಕಾಲಿಗೆ ಗೊತ್ತಾಗ್ತೈತಿ."

ಅವನು ಏನನ್ನು ಹುಡುಕುತ್ತಿದ್ದಾನೆಂದು ಆಗ ನನಗೆ ತಿಳಿಯಿತು. ಗಾಡಿ ನಿಲ್ಲಿಸುವ ಪ್ಯಾಡು ಅವನಿಗೆ ಬೇಕಿರಲಿಲ್ಲ. ಸತ್ತ ಕಾಲಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೂಗುವ ಪ್ಯಾಡು ಬೇಕಿತ್ತು. ಅಂಥದ್ದು ಯಾವ ಅಂಗಡಿಯಲ್ಲೂ ಇಲ್ಲವೆಂದು ಆಸ್ಪತ್ರೆಯಲ್ಲಿ ಇಷ್ಟು ವರ್ಷ ಕಾಲುಗಳನ್ನು ಕಂಡವಳಿಗೆ ಗೊತ್ತು. ಆದರೆ ಮೆಕ್ಯಾನಿಕ್ ಎದುರಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಹೂಂ, ಅದನ್ನೇ ಹಾಕಪ್ಪ, ಎಂದೆ.

ಹೊಸ ಪ್ಯಾಡ್ ಹಾಕಿದ ಮೇಲೆ ಅದನ್ನು ಡಿಸ್ಕಿಗೆ ಕೂರಿಸಬೇಕಂತೆ. ಖಾಲಿ ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದು, ಹದವಾಗಿ ಬ್ರೇಕ್ ಒತ್ತಿ, ಪೂರ್ತಿ ನಿಲ್ಲಿಸದೆ ಬಿಟ್ಟು, ಆರಲು ಬಿಟ್ಟು, ಮತ್ತೆ ಒತ್ತಬೇಕು. "ಮೆತ್ತಗ ಅಣ್ಣಾರ, ಪೂರಾ ನಿಲ್ಲಿಸಬ್ಯಾಡ್ರಿ," ಎಂದು ಮೆಕ್ಯಾನಿಕ್ ಎರಡು ಸಲ ಹೇಳಿದ.

ಮರಿಯಮ್ಮನಹಳ್ಳಿ ಕಡೆಯ ರಸ್ತೆ ಹಿಡಿದೆವು. ತಮ್ಮ ಎಂದಿನಂತೆ ಚಪ್ಪಲಿಯನ್ನು ಹಿಂದಿನ ಸೀಟಿನ ಕೆಳಗೆ ತಳ್ಳಿ ಬರಿಗಾಲಲ್ಲಿ ಕುಳಿತಿದ್ದ. ನಮ್ಮ ಕಡೆಯ ಹಳೆಯ ಲಾರಿಯವರೆಲ್ಲ ಹಾಗೆಯೇ. ಗಾಡಿಯೊಳಗೆ ಚಪ್ಪಲಿ ಮೆಟ್ಟುವುದಿಲ್ಲ, ಗಾಡಿಯ ಮಾತು ಬರಿಗಾಲಿಗೇ ಕೇಳುವುದು ಎನ್ನುತ್ತಾರೆ. ಬೂಟು ಹಾಕಿಕೋ, ಗಾಯವಾದರೆ ನಿನಗೆ ಗೊತ್ತಾಗುವುದಿಲ್ಲ ಎಂದು ನಾನು ಹೇಳಿ ಹೇಳಿ ಬಿಟ್ಟಿದ್ದೆ.

ಮೊದಲ ಸಲ ಒತ್ತಿದಾಗ ಇಬ್ಬರೂ ಮುಂದಕ್ಕೆ ಮುಗ್ಗರಿಸಿದೆವು. ಸೀಟಿನ ಬೆಲ್ಟು ನನ್ನ ಎದೆಗೆ ಒತ್ತಿತು.

"ಹಿಡೀತು ನೋಡಕ್ಕಾ." ಅವನ ಮುಖದ ತುಂಬ ಬೆಳಕು. "ಮಾಲಂದ್ರ ಇದು."

"ಮೆತ್ತಗ ಒತ್ತು ಅಂದಾನ ಅವ."

"ಮೆತ್ತಗ ಒತ್ತೀನಿ."

ಎರಡನೆಯ ಸಲವೂ ಹಾಗೆಯೇ ಆಯಿತು. ಆಮೇಲೆ ರಸ್ತೆ ನೇರವಾಯಿತು. ಬಲಕ್ಕೆ ದೂರದಲ್ಲಿ ಅಣೆಕಟ್ಟಿನ ಹಿನ್ನೀರು ಹೊಳೆಯುತ್ತಿತ್ತು. ಮತ್ತೊಮ್ಮೆ ಒತ್ತಿ, ಈಗ ವೇಗ ಹಿಡಿಯುತ್ತೇನೆ ಎಂದ. ಕಾರು ವೇಗ ಹಿಡಿಯಲಿಲ್ಲ. ಇನ್ನಷ್ಟು ನಿಧಾನವಾಯಿತು. ಸುಟ್ಟ ವಾಸನೆ ಒಳಗೆ ಬಂತು.

"ಎಂಜಿನ್ ಎಳೀವಲ್ದಲ್ಲ," ಎಂದು ಇನ್ನೂ ಒತ್ತಿದ.

ಹಿಂದಿನ ಲಾರಿ ಹಾರ್ನ್ ಹೊಡೆಯಿತು.

"ಲೇ ತಮ್ಮಾ, ಬ್ರೇಕ್ ಮ್ಯಾಲಿಂದ ಕಾಲು ತೆಗಿ."

"ತೆಗದೀನಿ. ಆಕ್ಸಿಲೇಟರ್ ಒತ್ತಾಕತ್ತೀನಿ ನಾನು."

ನಾನು ಬಗ್ಗಿ ನೋಡಿದೆ. ಕಾಲು ಬ್ರೇಕಿನ ಮೇಲಿತ್ತು. ಬೆರಳುಗಳು ಬಿಳಿಚುವಷ್ಟು ಬಲವಾಗಿ ಒತ್ತಿತ್ತು.

ಕಾರು ಕುಲುಕಿ ಎಂಜಿನ್ ಆರಿತು. ಲಾರಿ ನಮ್ಮನ್ನು ತಪ್ಪಿಸಿ ಬಲಕ್ಕೆ ಎಳೆದುಕೊಂಡು, ಬೈದುಕೊಂಡು ಹೋಯಿತು. ತಮ್ಮ ಸ್ಟೇರಿಂಗ್ ಹಿಡಿದೇ ಇದ್ದ. ಆಮೇಲೆ ನಾನು ನೋಡುತ್ತಿದ್ದ ಕಡೆಗೆ ಅವನೂ ನೋಡಿದ. ತನ್ನ ಕಾಲನ್ನು ಬಹಳ ಹೊತ್ತು ನೋಡಿದ. ಅದು ಅಲ್ಲಿಯೇ ಇತ್ತು. ಕೊನೆಗೆ ಎರಡೂ ಕೈಗಳಿಂದ ಮೊಣಕಾಲು ಹಿಡಿದು ಎತ್ತಿ, ಪಕ್ಕಕ್ಕೆ ಇಟ್ಟ.

ಇಂದು ಬ್ರೇಕಿನ ಮೇಲಿದ್ದ ಕಾಲು ನಾಳೆ ಬ್ರೇಕೆಂದುಕೊಂಡು ಆಕ್ಸಿಲರೇಟರ್ ಒತ್ತಿದರೆ ಏನಾದೀತೆಂದು ನಾನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಹೇಗೋ ಕಾರನ್ನು ರಸ್ತೆಯ ಅಂಚಿಗೆ ಸರಿಸಿದ. ನಾನು ಮೆಕ್ಯಾನಿಕ್‌ಗೆ ಫೋನ್ ಮಾಡಿ, ತಮ್ಮನಿಗೆ ಸಕ್ಕರೆ ಇಳಿದಿದೆ, ಬಂದು ಕಾರು ತೆಗೆದುಕೊಂಡು ಹೋಗು ಎಂದೆ. ಆ ಸುಳ್ಳನ್ನು ತಮ್ಮ ಕೇಳಿಸಿಕೊಂಡ. "ಸಿರಾಮಿಕ್ ಹಾಕಿಸಬೇಕಿತ್ತೇನೋ," ಎಂದ.

ಮೆಕ್ಯಾನಿಕ್ ಯಾರದೋ ಬೈಕಿನ ಹಿಂದೆ ಕುಳಿತು ಬಂದ. ತಮ್ಮ ಮುಂದಿನ ಎಡ ಸೀಟಿಗೆ ಬಂದ. ಹಿಂದೆ ಕೂಸಿಗೂ ಸಾಲದಷ್ಟು ಜಾಗದಲ್ಲಿ ನಾನು ಮುದುಡಿಕೊಂಡೆ. ದಾರಿಯುದ್ದಕ್ಕೂ ಮೆಕ್ಯಾನಿಕ್ ಹದವಾಗಿ ಒತ್ತಿದ, ಬಿಟ್ಟ, ಆರಲು ಬಿಟ್ಟ, ಮತ್ತೆ ಒತ್ತಿದ. ಒಮ್ಮೆಯೂ ಮೈ ಮುಂದಕ್ಕೆ ಹೋಗಲಿಲ್ಲ. ಪ್ಯಾಡ್ ಕೂರಿಸುವ ಕೆಲಸ ಊರು ಮುಟ್ಟುವುದರೊಳಗೆ ಮುಗಿಯಿತು.

"ಭಾಳ ಚಲೋ ಕುಂತಾವ ಅಣ್ಣಾರ. ಬ್ರೇಕ್ ಅಂದ್ರ ಬ್ರೇಕ್. ಇನ್ನ ಚಿಂತಿ ಬ್ಯಾಡ್ರಿ."

ತಮ್ಮ ಅವನ ಕಾಲನ್ನೇ ನೋಡುತ್ತಿದ್ದ. "ಎಷ್ಟು ಒತ್ತಾಕತ್ತೀಯಪ್ಪಾ?"

"ಒತ್ತೋದೇನ್ ಬಂತ್ರಿ. ಸುಮ್ನ ಮುಟ್ಟಿದ್ರ ಸಾಕು."

ತಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದ.

ಮನೆಯ ಮುಂದೆ ಮೆಕ್ಯಾನಿಕ್ ಇಳಿದು, ನನಗೆ ಇಳಿಯಲು ಕೈಕೊಟ್ಟ. ಕೀಲಿಯನ್ನು ತಮ್ಮನಿಗೆ ಕೊಡಲು ಹೋದವನು, ಅವನ ಮುಖ ನೋಡಿ ಏನನ್ನಿಸಿತೋ, ನನ್ನ ಕೈಗೆ ಕೊಟ್ಟ. "ಹುಷಾರಾಗೋತನಕ ನಿಮ್ಮ ಹಂತ್ಯಾಕ ಇರ್ಲಿ ಅಕ್ಕಾರ," ಎಂದ. ಹುಷಾರಾಗುವ ಕಾಯಿಲೆ ಅದಲ್ಲವೆಂದು ಅಲ್ಲಿದ್ದ ಮೂವರಲ್ಲಿ ಇಬ್ಬರಿಗೆ ಗೊತ್ತಿತ್ತು.

ತಮ್ಮ ಕೇಳುತ್ತಾನೆ, ಜಗಳವಾಡುತ್ತಾನೆ ಎಂದುಕೊಂಡಿದ್ದೆ. ಬೈದರೆ ಬೈಯಲಿ ಎಂದು ಗಟ್ಟಿಯಾಗಿ ನಿಂತಿದ್ದೆ. ಅವನು ಕಾರಿನ ಸುತ್ತ ಬಂದು, ಮುಂದಿನ ಚಕ್ರದ ಹತ್ತಿರ ಬಗ್ಗಿ ಒಳಗಿನ ಹೊಸ ಪ್ಯಾಡನ್ನು ನೋಡಿದ. ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡ.

"ಊಟಕ್ಕ ಏನ್ ಮಾಡೀಯಕ್ಕಾ?"

"ಇನ್ನೂ ಏನೂ ಮಾಡಿಲ್ಲ."

"ಅವಸರ ಇಲ್ಲ ಬಿಡು," ಎಂದ. "ಇನ್ನ ಎಲ್ಲಿಗೂ ಹೋಗೋದಿಲ್ಲಲ್ಲ."